ಫ್ಲಾಹರ್ಟಿಯವರ ಜಮಾಖರ್ಚು

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು ಹಾಲಿವುಡ್ಡಿನ ನಟನಾದ ಕಥೆ ಮೈಸೂರು ಸೀಮೆಯವರಿಗೆ ಹೊಸತಲ್ಲ. ಆ ಹುಡುಗನನ್ನು ಮೊದಲ ಬಾರಿಗೆ ಪರದೆಯ ಮೇಲೆ ತಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅವರ ಹೆಸರು ಮಾತ್ರ ಫಿಲಂ ಸೊಸೈಟಿಗಳ ಹಳೆಯ ಸದಸ್ಯರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿರಲಾರದು. ಸಾಕ್ಷ್ಯಚಿತ್ರದ ಪಿತಾಮಹ ಎಂಬ ಬಿರುದು ಅವರಿಗಿದೆ. ಬಿರುದಿನ ವಿಚಾರವನ್ನು ವಿಮರ್ಶಕರಿಗೆ ಬಿಡೋಣ. ಅರ್ಥಶಾಸ್ತ್ರ ಓದಿ, ಮೂರು ದಶಕಗಳನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಅವರ ಬದುಕಿನಲ್ಲಿ ಕುತೂಹಲ ಹುಟ್ಟಿಸಿದ್ದು ಬೇರೊಂದು ಸಂಗತಿ. ಸ್ವಂತ ಬಂಡವಾಳವಿಲ್ಲದ ಈ ಮನುಷ್ಯ ತುಪ್ಪಳದ ವ್ಯಾಪಾರಿಗಳು, ಹಾಲಿವುಡ್ ಸ್ಟುಡಿಯೊ, ಬ್ರಿಟಿಷ್ ಚಿತ್ರೋದ್ಯಮಿಗಳು, ಅಮೆರಿಕದ ಕೃಷಿ ಆಡಳಿತ, ಕೊನೆಗೆ ಒಂದು ತೈಲ ಕಂಪನಿ ಹೀಗೆ ಪ್ರತಿ ಬಾರಿಯೂ ಹೊಸದೊಂದು ಬೊಕ್ಕಸದಿಂದ ಹಣ ತಂದು, ಬಹುಮಟ್ಟಿಗೆ ತನಗೆ ಬೇಕಾದ ಚಿತ್ರವನ್ನೇ ಮಾಡಿದರು. ಹಣ ಕೊಟ್ಟವರಿಗೆ ಏನು ಸಂದಿತು ಎಂಬುದು ಸುಲಭವಾಗಿ ತಿಳಿಯುತ್ತದೆ. ಕ್ಯಾಮೆರಾದ ಮುಂದೆ ನಿಂತವರಿಗೆ ಏನು ಸಂದಿತು ಎಂಬುದನ್ನು ಹುಡುಕಿಕೊಂಡು ಹೋಗಬೇಕು.

ಫ್ಲಾಹರ್ಟಿ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಮಿಷಿಗನ್ ಪ್ರಾಂತ್ಯದ ಐರನ್ ಮೌಂಟನ್ ಎಂಬ ಗಣಿ ಊರಿನಲ್ಲಿ. ತಂದೆ ಗಣಿಯ ಮೇಲ್ವಿಚಾರಕರು. 1893ರ ಆರ್ಥಿಕ ಕುಸಿತ ಆ ಕುಟುಂಬವನ್ನೂ ತಟ್ಟಿತು. ತಂದೆ ಕೆನಡಾದ ಕಾಡುಗಳಲ್ಲಿ ಅದಿರು ಹುಡುಕಲು ಹೊರಟಾಗ ಹುಡುಗನೂ ಜೊತೆಗೆ ಹೋದ. ಶಾಲೆಯಲ್ಲಿ ಕಲಿತದ್ದಕ್ಕಿಂತ ಗಣಿ ಶಿಬಿರಗಳಲ್ಲಿ ಕಲಿತದ್ದೇ ಹೆಚ್ಚು. ಮಿಷಿಗನ್ನಿನ ಗಣಿ ಕಾಲೇಜಿಗೆ ಸೇರಿದವರನ್ನು ಅಲ್ಲಿಂದ ಹೊರಗೆ ಕಳಿಸಿದರು. ಆ ಕಾಲೇಜಿನ ದಿನಗಳು ಅವರಿಗೆ ಕೊಟ್ಟ ದೊಡ್ಡ ಲಾಭವೆಂದರೆ ಫ್ರಾನ್ಸಿಸ್ ಹಬಾರ್ಡ್ ಅವರ ಪರಿಚಯ. 1914ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಫ್ಲಾಹರ್ಟಿಯವರ ಹೆಸರಿನಲ್ಲಿ ಬಂದ ಕೆಲಸದಲ್ಲಿ ಫ್ರಾನ್ಸಿಸ್ ಅವರ ಪಾಲು ಎಷ್ಟೆಂದು ಲೆಕ್ಕ ಹಾಕುವುದು ಕಷ್ಟ. ಛಾಯಾಗ್ರಹಣ, ಬರವಣಿಗೆ, ಪತ್ರವ್ಯವಹಾರ, ಸಾಲಗಾರರನ್ನು ಸಂಭಾಳಿಸುವುದು ಎಲ್ಲದರಲ್ಲೂ ಆಕೆಯ ಕೈಯಿತ್ತು.

ಸಿನಿಮಾ ಅವರ ಕೈಗೆ ಬಂದದ್ದು ಆಕಸ್ಮಿಕವಾಗಿ. ಕೆನಡಾದಲ್ಲಿ ರೈಲುಮಾರ್ಗಗಳನ್ನು ಹಾಕುತ್ತಿದ್ದ ಸರ್ ವಿಲಿಯಂ ಮೆಕೆಂಜಿ ಎಂಬ ಉದ್ಯಮಿ ಹಡ್ಸನ್ ಕೊಲ್ಲಿಯ ದ್ವೀಪಗಳಲ್ಲಿ ಕಬ್ಬಿಣದ ಅದಿರು ಇದೆಯೇ ನೋಡಿಕೊಂಡು ಬರಲು 1910ರಲ್ಲಿ ಫ್ಲಾಹರ್ಟಿಯವರನ್ನು ಕಳಿಸಿದರು. 1913ರಲ್ಲಿ ಮತ್ತೆ ಹೊರಟಾಗ ಒಂದು ಚಲನಚಿತ್ರ ಕ್ಯಾಮೆರಾವನ್ನೂ ಒಯ್ಯುವಂತೆ ಸೂಚಿಸಿದವರೂ ಮೆಕೆಂಜಿಯವರೇ. ನ್ಯೂಯಾರ್ಕ್ ಪ್ರಾಂತ್ಯದ ರಾಚೆಸ್ಟರಿನಲ್ಲಿ ಮೂರು ವಾರಗಳ ತರಬೇತಿ ಪಡೆದದ್ದೇ ಅವರ ಸಿನಿಮಾ ವಿದ್ಯಾಭ್ಯಾಸ. ತೆಗೆದ ಫಿಲ್ಮನ್ನು 1916ರಲ್ಲಿ ಟೊರಾಂಟೊದಲ್ಲಿ ಜೋಡಿಸುತ್ತಿದ್ದಾಗ ಅವರ ಕೈಯ ಸಿಗರೇಟು ಜಾರಿ ಬಿತ್ತು. ಆ ಕಾಲದ ನೈಟ್ರೇಟ್ ಫಿಲ್ಮು ಸಿಡಿಮದ್ದಿನಂತೆ ಉರಿಯುವಂಥದ್ದು. ಸುಮಾರು 30,000 ಅಡಿ ನೆಗೆಟಿವ್ ಬೂದಿಯಾಯಿತು, ಅವರಿಗೂ ಸುಟ್ಟ ಗಾಯಗಳಾದವು. ಒಂದು ಪ್ರತಿ ಉಳಿದಿತ್ತು. ಅದನ್ನು ನೋಡಿದಾಗ ಅವರಿಗೇ ಬೇಸರವಾಯಿತು. ಅಲ್ಲೊಂದು ದೃಶ್ಯ, ಇಲ್ಲೊಂದು ದೃಶ್ಯ, ಪ್ರವಾಸಿಯ ಟಿಪ್ಪಣಿಯಂತಿತ್ತು. ಮತ್ತೆ ಹೋಗಿ ಒಂದೇ ಕುಟುಂಬದ ಬದುಕನ್ನು ಹಿಡಿಯಬೇಕೆಂದು ಅವರು ನಿರ್ಧರಿಸಿದರು. ಹಣಕ್ಕಾಗಿ ನಾಲ್ಕು ವರ್ಷ ಅಲೆದರು.

ಕೊನೆಗೆ ಹಣ ಕೊಟ್ಟದ್ದು ರೆವಿಲೋನ್ ಫ್ರೆರ್ ಎಂಬ ಫ್ರೆಂಚ್ ತುಪ್ಪಳ ಕಂಪನಿ. ಹಡ್ಸನ್ ಕೊಲ್ಲಿಯಲ್ಲಿ ಇನುಯಿಟ್ ಜನರಿಂದ ನರಿಯ ಚರ್ಮ ಕೊಂಡು ಪ್ಯಾರಿಸ್ಸಿನ, ನ್ಯೂಯಾರ್ಕಿನ ಶ್ರೀಮಂತ ಮಹಿಳೆಯರಿಗೆ ಮಾರುವುದು ಅದರ ವ್ಯಾಪಾರ. ಚಿತ್ರವೊಂದು ಬಂದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಒಟ್ಟು ವೆಚ್ಚ ಸುಮಾರು 53,000 ಡಾಲರ್. 1920ರ ಆಗಸ್ಟಿನಲ್ಲಿ ಫ್ಲಾಹರ್ಟಿ ಕಂಪನಿಯ ಠಾಣೆಯಿದ್ದ ಇನುಕ್ಜುವಾಕ್ ಎಂಬಲ್ಲಿಗೆ ತಲುಪಿ ಮರುವರ್ಷದ ಬೇಸಗೆಯವರೆಗೆ ಅಲ್ಲೇ ಉಳಿದರು. ಫಿಲ್ಮನ್ನು ಅಲ್ಲೇ ಸಂಸ್ಕರಿಸಿ, ತೆಗೆದದ್ದನ್ನು ಊರವರಿಗೇ ತೋರಿಸುತ್ತಿದ್ದರು. ಅಲ್ಲಿನ ಜನ ನಟರಷ್ಟೇ ಆಗಿರಲಿಲ್ಲ. ಮಂಜುಗಡ್ಡೆ ಕೊರೆದು ನೀರು ತಂದರು, ಕೆಟ್ಟ ಕ್ಯಾಮೆರಾ ಬಿಚ್ಚಿ ಜೋಡಿಸಿದರು, ಯಾವ ದೃಶ್ಯ ಎಲ್ಲಿ ಸಿಗುತ್ತದೆಂದು ಸಲಹೆ ಕೊಟ್ಟರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಚಿತ್ರದ ತಂತ್ರಜ್ಞರು. ಶೀರ್ಷಿಕೆಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

'ನಾನೂಕ್ ಆಫ್ ದಿ ನಾರ್ತ್' ನ್ಯೂಯಾರ್ಕಿನಲ್ಲಿ ತೆರೆ ಕಂಡದ್ದು 1922ರ ಜೂನಿನಲ್ಲಿ. ಹಲವು ವಿತರಕರು ತಿರಸ್ಕರಿಸಿದ್ದ ಚಿತ್ರವನ್ನು ಪಾಥೆ ಕಂಪನಿ ಕೈಗೆತ್ತಿಕೊಂಡಿತು. ನಂತರ ಅದು ಜಗತ್ತೆಲ್ಲ ಸುತ್ತಿತು. ನಾನು ಅದನ್ನು ಮೊದಲು ನೋಡಿದ್ದು ಎಂಬತ್ತರ ದಶಕದ ಆರಂಭದಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಬೆಂಗಳೂರಿನ ಒಂದು ಫಿಲಂ ಸೊಸೈಟಿಯಲ್ಲಿ. ಪ್ರೊಜೆಕ್ಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಮದ ಇಟ್ಟಿಗೆಗಳಿಂದ ಮನೆ ಕಟ್ಟಿ, ಕೊನೆಗೆ ಒಂದು ಪಾರದರ್ಶಕ ಮಂಜುಗಡ್ಡೆಯನ್ನು ಕತ್ತರಿಸಿ ಕಿಟಕಿಯಂತೆ ಕೂರಿಸುವ ದೃಶ್ಯ ಬಂದಾಗ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು.

ಆ ಮನೆಯೊಳಗಿನ ದೃಶ್ಯಗಳನ್ನು ತೆಗೆದ ಇಗ್ಲೂಗೆ ಅರ್ಧ ಗೋಡೆಯೇ ಇರಲಿಲ್ಲ ಎಂದು ತಿಳಿದದ್ದು ಬಹಳ ಕಾಲದ ಮೇಲೆ. ಒಳಗೆ ಬೆಳಕು ಸಾಲದೆ ಅದನ್ನು ಕತ್ತರಿಸಿ, ಕೊರೆಯುವ ಗಾಳಿಗೆ ತೆರೆದಿಟ್ಟು ಆ ಕುಟುಂಬದವರಿಗೆ ಮಲಗುವ ಅಭಿನಯ ಮಾಡಲು ಹೇಳಿದ್ದರು. ನಾನೂಕ್ ಎಂಬ ಹೆಸರೂ ನಿಜವಲ್ಲ, ಅವರು ಅಲ್ಲಕರಿಯಲ್ಲಕ್ ಎಂಬ ಬೇಟೆಗಾರರು. ಪರದೆಯ ಮೇಲಿನ ಹೆಂಡತಿ ಅವರ ಹೆಂಡತಿಯಲ್ಲ. ಊರಿನವರು ಬಂದೂಕು ಬಳಸುತ್ತಿದ್ದ ಕಾಲದಲ್ಲಿ ಅವರ ಹಿರಿಯರ ಕಾಲದ ಈಟಿಯಿಂದ ವಾಲ್ರಸ್ ಬೇಟೆ ಆಡಿಸಲಾಯಿತು. ಗ್ರಾಮಫೋನನ್ನು ಮೊದಲ ಬಾರಿ ಕಂಡವರಂತೆ ತಟ್ಟೆಯನ್ನು ಕಚ್ಚಿ ನೋಡುವುದೂ ನಟನೆ. ಇದೆಲ್ಲ ಮೋಸವೇ? ನನಗೆ ಹಾಗೆ ಅನಿಸುವುದಿಲ್ಲ. ಆಗ ಸಾಕ್ಷ್ಯಚಿತ್ರ ಎಂಬ ಪ್ರಕಾರವೇ ಇರಲಿಲ್ಲ, ಮುರಿಯಲು ನಿಯಮಗಳೂ ಇರಲಿಲ್ಲ. ನನಗೆ ತೊಡಕಾಗಿ ಕಾಣುವುದು ಬೇರೆ. ಹಳೆಯ ಈಟಿಯನ್ನು ತೋರಿಸಿ ಬಂದೂಕನ್ನು ಮರೆಮಾಡಿದಾಗ ಆ ಬಂದೂಕು, ಮದ್ದು, ಚಹಾ, ಹಿಟ್ಟು ಇವುಗಳಿಗಾಗಿ ಆ ಜನ ಕಂಪನಿಯ ಅಂಗಡಿಗೆ ಬಿದ್ದಿದ್ದ ಅವಲಂಬನೆಯೂ ಮರೆಯಾಯಿತು. ಚಿತ್ರದ ನಾನೂಕ್ ಪ್ರಕೃತಿಯೊಡನೆ ಹೋರಾಡುವ ಸ್ವತಂತ್ರ ಮನುಷ್ಯ. ನಿಜದ ಅಲ್ಲಕರಿಯಲ್ಲಕ್ ನರಿ ಚರ್ಮದ ಜಾಗತಿಕ ಬೆಲೆಗೆ ಕಟ್ಟುಬಿದ್ದವರು. ಚಿತ್ರ ಬಂದ ಸ್ವಲ್ಪ ಕಾಲದಲ್ಲೇ ಅವರು ತೀರಿಕೊಂಡರು. ಬೇಟೆಗೆ ಹೋಗಿ ಹಸಿವಿನಿಂದ ಸತ್ತರೆಂದು ಫ್ಲಾಹರ್ಟಿ ಬರೆದರು. ಮನೆಯಲ್ಲೇ, ಬಹುಶಃ ಕ್ಷಯರೋಗದಿಂದ ಸತ್ತಿರಬೇಕೆಂಬುದು ನಂತರದ ಸಂಶೋಧಕರ ಅಭಿಪ್ರಾಯ.

ಗೆದ್ದ ಕುದುರೆಗೆ ಹಾಲಿವುಡ್ ಬೇಗ ಮಾರುಹೋಗುತ್ತದೆ. ಇನ್ನೊಂದು ನಾನೂಕ್ ತನ್ನಿ ಎಂದು ಪ್ಯಾರಮೌಂಟ್ ಅವರನ್ನು 1923ರಲ್ಲಿ ಸಮೋವಾ ದ್ವೀಪಕ್ಕೆ ಕಳಿಸಿತು. ಅಲ್ಲಿ ಹಸಿವಿಲ್ಲ, ಹಿಮವಿಲ್ಲ, ಹೋರಾಟವಿಲ್ಲ. ಆದ್ದರಿಂದ ಮರೆಯಾಗುತ್ತಿದ್ದ ಹಚ್ಚೆಯ ವಿಧಿಯನ್ನು ಒಬ್ಬ ಯುವಕನ ಮೈಮೇಲೆ ಮತ್ತೆ ಮಾಡಿಸಿದರು. ನೋವು ನಟನೆಯಾಗಿರಲಿಲ್ಲ. 1926ರಲ್ಲಿ ಬಂದ ಆ 'ಮೊವಾನಾ' ಚಿತ್ರ ಹಣ ಗಳಿಸಲಿಲ್ಲ. ಅದರ ವಿಮರ್ಶೆಯಲ್ಲಿ ಜಾನ್ ಗ್ರಿಯರ್ಸನ್ ಎಂಬ ಸ್ಕಾಟಿಷ್ ಯುವಕ ಬಳಸಿದ ಡಾಕ್ಯುಮೆಂಟರಿ ಎಂಬ ಪದ ಮಾತ್ರ ಉಳಿದುಕೊಂಡಿತು. ನಂತರದ ಕೆಲವು ವರ್ಷ ಫ್ಲಾಹರ್ಟಿ ಸ್ಟುಡಿಯೊಗಳೊಡನೆ ಜಗಳವಾಡಿ ಚಿತ್ರಗಳಿಂದ ಹೊರನಡೆಯುವುದರಲ್ಲೇ ಕಳೆದರು. 1931ರಲ್ಲಿ ಬ್ರಿಟನ್ನಿಗೆ ಹೋದರು. ಗೊಮೋಂಟ್ ಬ್ರಿಟಿಷ್ ಕಂಪನಿಯ ಹಣದಿಂದ ಐರ್ಲೆಂಡಿನ ಅರನ್ ದ್ವೀಪಗಳಲ್ಲಿ ತೆಗೆದ 'ಮ್ಯಾನ್ ಆಫ್ ಅರನ್' 1934ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆಯಿತು. ಬರಿಬಂಡೆಯ ಮೇಲೆ ಕಡಲಪಾಚಿ ಹರಡಿ ಮಣ್ಣು ಮಾಡುವ ರೈತರನ್ನು ಅದರಷ್ಟು ಚೆನ್ನಾಗಿ ತೋರಿಸಿದ ಚಿತ್ರವನ್ನು ನಾನು ಕಂಡಿಲ್ಲ. ಆದರೆ ಅಲ್ಲಿಯೂ ದ್ವೀಪದವರು ಯಾವಾಗಲೋ ಬಿಟ್ಟಿದ್ದ ಶಾರ್ಕ್ ಬೇಟೆಯನ್ನು ಅವರಿಗೆ ಮತ್ತೆ ಕಲಿಸಿ ಮಾಡಿಸಲಾಯಿತು. ಈಜು ಬಾರದ ಜನರನ್ನು ಬಿರುಗಾಳಿಯ ಕಡಲಿಗೆ ಇಳಿಸಿದ್ದಕ್ಕೆ ತನಗೆ ಗುಂಡಿಕ್ಕಬೇಕಿತ್ತೆಂದು ಫ್ಲಾಹರ್ಟಿಯವರೇ ಮುಂದೆ ಒಪ್ಪಿಕೊಂಡರು. ಭೂಮಾಲೀಕರ ಶೋಷಣೆಯ ಸುದ್ದಿಯೇ ಇಲ್ಲವೆಂದು ಎಡಪಂಥೀಯ ವಿಮರ್ಶಕರು ತರಾಟೆಗೆ ತೆಗೆದುಕೊಂಡರು. ಜಗತ್ತು ನಿರುದ್ಯೋಗದಲ್ಲಿ ಬೇಯುತ್ತಿದ್ದ ಕಾಲ ಅದು, ಟೀಕೆಯಲ್ಲಿ ಹುರುಳಿತ್ತು.

ಮೈಸೂರಿಗೆ ಅವರು ಬಂದದ್ದು 1935ರಲ್ಲಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರಿಗೆ ಕಿಪ್ಲಿಂಗರ ಆನೆ ಕಥೆಯೊಂದನ್ನು ಚಿತ್ರ ಮಾಡುವ ಆಸೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತ, ಮಿರ್ಜಾ ಇಸ್ಮಾಯಿಲ್ಲರ ದಿವಾನಗಿರಿ. ಸಂಸ್ಥಾನದ ಆನೆಗಳು, ಮಾವುತರು, ಕಾಡು ಎಲ್ಲವೂ ಫ್ಲಾಹರ್ಟಿಯವರಿಗೆ ತೆರೆದವು. ಕಾಕನಕೋಟೆಯ ಸೀಮೆಯಲ್ಲಿ ಖೆಡ್ಡಾ ಎಂಬುದು 1870ರ ದಶಕದಲ್ಲಿ ಸ್ಯಾಂಡರ್ಸನ್ ಆರಂಭಿಸಿದ್ದ ವ್ಯವಸ್ಥೆ. ಕಾಡಾನೆಗಳ ಹಿಂಡನ್ನು ಸುತ್ತುವರಿದು, ತಮಟೆ ಬೆಂಕಿಗಳಿಂದ ಬೆದರಿಸಿ, ಮರದ ದಿಮ್ಮಿಗಳ ಆವರಣಕ್ಕೆ ನುಗ್ಗಿಸುವ ಕೆಲಸ. ಅರಮನೆಯ ಐರಾವತ ಎಂಬ ದೊಡ್ಡ ಆನೆ ಚಿತ್ರದ ಕಾಲಾನಾಗ್ ಆಯಿತು. ಆನೆ ಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದ, ತಂದೆಯಿಲ್ಲದ, ಹನ್ನೊಂದು ವರ್ಷದ ಸಾಬು ಛಾಯಾಗ್ರಾಹಕ ಓಸ್ಮಂಡ್ ಬೊರಾಡೇಲ್ ಅವರ ಕಣ್ಣಿಗೆ ಬಿದ್ದ. ಆನೆಯೊಡನೆ ಅವನಿಗಿದ್ದ ಸಲುಗೆಯನ್ನು ಯಾವ ನಿರ್ದೇಶಕನೂ ಕಲಿಸಬೇಕಾಗಿರಲಿಲ್ಲ. ಆ ದಿನಗಳ ಬಗ್ಗೆ ಫ್ರಾನ್ಸಿಸ್ ಬರೆದ ಪತ್ರಗಳು 'ಎಲಿಫೆಂಟ್ ಡ್ಯಾನ್ಸ್' ಎಂಬ ಪುಸ್ತಕವಾಗಿ ಬಂದವು.

ಫ್ಲಾಹರ್ಟಿಯವರ ಕ್ರಮ ಇಲ್ಲಿಯೂ ಅದೇ. ಸಮಯದ ಪರಿವೆಯಿಲ್ಲ, ಫಿಲ್ಮಿನ ಲೆಕ್ಕವಿಲ್ಲ, ಕೈಯಲ್ಲಿ ಬರೆದ ಕಥೆಯಿಲ್ಲ. ನೋಡುತ್ತ ನೋಡುತ್ತ ಚಿತ್ರ ತಾನಾಗಿ ಹೊರಹೊಮ್ಮಬೇಕು. ಲಂಡನ್ನಿನಲ್ಲಿ ಕೋರ್ಡಾ ತಾಳ್ಮೆ ಕಳೆದುಕೊಂಡರು, ತಮ್ಮನಾದ ಜೋಲ್ಟನ್ ಕೋರ್ಡಾನನ್ನು ಕಳಿಸಿದರು. ಕೊನೆಗೆ ಎಲ್ಲರೂ ಹಿಂತಿರುಗಿ ಇಂಗ್ಲೆಂಡಿನ ಡೆನಂ ಸ್ಟುಡಿಯೊದಲ್ಲಿ ಕಥೆಯ ಭಾಗವನ್ನು ಚಿತ್ರೀಕರಿಸಿದರು. 1937ರಲ್ಲಿ ಬಂದ 'ಎಲಿಫೆಂಟ್ ಬಾಯ್' ಎರಡು ಚಿತ್ರಗಳನ್ನು ಹೊಲಿದಂತಿದೆ. ಕಾಡು, ಆನೆ, ಹುಡುಗ ಇರುವಷ್ಟು ಹೊತ್ತು ಅದು ನಮ್ಮ ಕಬಿನಿ ತೀರ. ಬಣ್ಣ ಬಳಿದ ಇಂಗ್ಲಿಷ್ ನಟರು ಬಾಯಿ ತೆರೆದೊಡನೆ ಅದು ಡೆನಂ. ವೆನಿಸ್ಸಿನಲ್ಲಿ ನಿರ್ದೇಶನದ ಪ್ರಶಸ್ತಿಯೇನೋ ಇಬ್ಬರಿಗೂ ಸೇರಿ ಬಂತು. ಸಾಬು ಅಣ್ಣನೊಡನೆ ಇಂಗ್ಲೆಂಡಿಗೆ ಹೋದವನು ಅಲ್ಲಿಂದ ಅಮೆರಿಕಕ್ಕೆ ಹೋಗಿ, 1944ರಲ್ಲಿ ಅಲ್ಲಿನ ಪ್ರಜೆಯಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರನಾಗಿ ಪದಕ ಪಡೆದು, 1963ರಲ್ಲಿ 39ನೆಯ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ. ಫ್ಲಾಹರ್ಟಿಯವರ ಕ್ಯಾಮೆರಾದ ಮುಂದೆ ನಿಂತವರಲ್ಲಿ ಹಣ, ಹೆಸರು ಎರಡನ್ನೂ ಕಂಡವನು ಅವನೊಬ್ಬನೇ ಎನ್ನಬೇಕು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ದಶಕದಲ್ಲೇ ಕಬಿನಿ ಜಲಾಶಯದ ಹಿನ್ನೀರು ಆ ಜಾಗವನ್ನು ಆವರಿಸಿತು. ಆ ಕಾಡಿನ, ಆ ಹೊಳೆಯ ಚಹರೆ ಈಗ ಉಳಿದಿರುವುದು ಈ ಅರೆಬರೆ ಚಿತ್ರದಲ್ಲಿ.

ನನ್ನ ಮಟ್ಟಿಗೆ ಫ್ಲಾಹರ್ಟಿಯವರ ಅತ್ಯಂತ ಪ್ರಾಮಾಣಿಕ ಚಿತ್ರ ಯಾರೂ ಹೆಚ್ಚು ನೋಡದ 'ದಿ ಲ್ಯಾಂಡ್'. 1939ರಲ್ಲಿ ಅಮೆರಿಕದ ಕೃಷಿ ಹೊಂದಾಣಿಕೆ ಆಡಳಿತ ಅವರನ್ನು ಕರೆಸಿ ದೇಶದ ಬೇಸಾಯದ ಸ್ಥಿತಿಯ ಮೇಲೊಂದು ಚಿತ್ರ ಕೇಳಿತು. ಎಂಟು ವರ್ಷ ಹೊರಗಿದ್ದು ಮರಳಿದವರಿಗೆ ಸ್ವಂತ ದೇಶವೇ ಅಪರಿಚಿತ. ಸಾವಿರಾರು ಮೈಲಿ ಸುತ್ತಿದರು. ಕೊಚ್ಚಿಹೋದ ಮಣ್ಣು, ತೊರೆದ ಮನೆಗಳು, ಹತ್ತು ಜನರ ಕೂಲಿ ಕಿತ್ತ ಯಂತ್ರಗಳು, ತುಂಬಿದ ಕಣಜದ ಪಕ್ಕದಲ್ಲೇ ಹಸಿದ ಮಕ್ಕಳು. ವಲಸೆ ಕೂಲಿಗಳ ಶಿಬಿರದಲ್ಲಿ ಮಲಗಿರುವ ಒಬ್ಬ ಹುಡುಗನ ಬೆರಳುಗಳು ನಿದ್ದೆಯಲ್ಲೂ ಆಡುತ್ತಿರುತ್ತವೆ. ಬಟಾಣಿ ಸುಲಿಯುತ್ತಿದ್ದೇನೆಂದು ಅವನಿಗೆ ಅನಿಸಿದೆ ಎಂಬುದು ತಾಯಿಯ ವಿವರಣೆ. ನಾಟಕವಿಲ್ಲ, ಈಟಿಯಿಲ್ಲ, ಹಿಂದಿನ ಕಾಲದ ವೈಭವವಿಲ್ಲ. ಫ್ಲಾಹರ್ಟಿ ಮೊದಲ ಬಾರಿಗೆ ತನ್ನ ಕಾಲವನ್ನು ನೇರವಾಗಿ ನೋಡಿದ್ದರು, ಹಿನ್ನೆಲೆಯ ದನಿಯೂ ಅವರದೇ.

ಚಿತ್ರ ಮುಗಿಯುವ ಹೊತ್ತಿಗೆ ಅಮೆರಿಕ ಯುದ್ಧಕ್ಕಿಳಿದಿತ್ತು. ಇನ್ನಷ್ಟು ಬೆಳೆಯಿರಿ ಎಂದು ರೈತರಿಗೆ ಹೇಳಬೇಕಾದ ಸಮಯದಲ್ಲಿ ಸವೆದ ನೆಲ, ಹಸಿದ ಮಕ್ಕಳು ಯಾರಿಗೆ ಬೇಕು? 1942ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನವಾಯಿತು. ಸಾರ್ವಜನಿಕ ಚಿತ್ರಮಂದಿರಗಳಿಗೆ ಅದು ಬರಲಿಲ್ಲ. ಸರ್ಕಾರ ತಾನೇ ಕೇಳಿ ಬರೆಸಿಕೊಂಡ ವರದಿಯನ್ನು ತಾನೇ ಕಪಾಟಿನಲ್ಲಿಡುವ ಪದ್ಧತಿ ನಮ್ಮ ದೇಶದ್ದು ಮಾತ್ರ ಎಂದುಕೊಂಡಿದ್ದ ನನಗೆ ಇದನ್ನು ಓದಿದಾಗ ವಿಚಿತ್ರವಾದ ಸಮಾಧಾನವಾಯಿತು.

ಆಮೇಲಿನ ಪೋಷಕರು ಹಣ ಕೊಟ್ಟ ರೀತಿಯಲ್ಲಿ ಸರ್ಕಾರಕ್ಕಿಂತ ಜಾಣರು. ಯುದ್ಧಕಾಲದಲ್ಲಿ ಜರ್ಮನಿಯ ಕಂಪನಿಯೊಂದರ ಜೊತೆಗಿನ ಹಳೆಯ ಒಪ್ಪಂದಗಳು ಬಯಲಾಗಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿಯ ಹೆಸರು ಕೆಟ್ಟಿತ್ತು. ಅದು ಫ್ಲಾಹರ್ಟಿಯವರಿಗೆ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿತು. ಚಿತ್ರದಲ್ಲಿ ಕಂಪನಿಯ ಹೆಸರು ಬೇಡ, ಚಿತ್ರದ ಹಕ್ಕು, ಆದಾಯ ಎಲ್ಲವೂ ನಿರ್ದೇಶಕರಿಗೇ ಎಂಬ ಕರಾರು. ಯಾವ ಸ್ವತಂತ್ರ ನಿರ್ದೇಶಕನಿಗೂ ಇದಕ್ಕಿಂತ ಉದಾರ ಕರಾರು ಸಿಕ್ಕಿರಲಾರದು. 1948ರ 'ಲೂಸಿಯಾನ ಸ್ಟೋರಿ'ಯಲ್ಲಿ ಜೌಗು ನಾಡಿನ ಹುಡುಗನೊಬ್ಬನ ಕೌತುಕದ ಕಣ್ಣಿನ ಮುಂದೆ ತೈಲಬಾವಿಯ ಗೋಪುರ ನಿಧಾನವಾಗಿ ತೇಲಿ ಬರುತ್ತದೆ, ಎಣ್ಣೆ ತೆಗೆದು, ಏನನ್ನೂ ಕೆಡಿಸದೆ ಹೊರಟುಹೋಗುತ್ತದೆ. ವರ್ಜಿಲ್ ಥಾಮ್ಸನ್ ಅವರ ಸಂಗೀತಕ್ಕೆ ಪುಲಿಟ್ಜರ್ ಬಂತು. ರಿಚರ್ಡ್ ಲೀಕಾಕ್ ಅವರ ಛಾಯಾಗ್ರಹಣ, ಹೆಲೆನ್ ವಾನ್ ಡಾಂಗೆನ್ ಅವರ ಸಂಕಲನ ಇಂದಿಗೂ ಪಾಠ. ಕಂಪನಿಗೆ ಬೇಕಾದದ್ದೂ ಸಿಕ್ಕಿತು. ಲೂಸಿಯಾನದ ಕರಾವಳಿ 1932ರಿಂದ 2010ರ ನಡುವೆ ಸುಮಾರು 1,900 ಚದರ ಮೈಲಿ ಜೌಗು ನೆಲವನ್ನು ಕಳೆದುಕೊಂಡಿತು. ತೈಲಕ್ಕಾಗಿ ತೋಡಿದ ಕಾಲುವೆಗಳು ಅದರ ಕಾರಣಗಳಲ್ಲೊಂದು. 1948ರಲ್ಲಿ ಫ್ಲಾಹರ್ಟಿಯವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಪ್ರಶ್ನೆ ಕೇಳಬೇಕೆಂದೂ ಅವರಿಗೆ ತೋಚಲಿಲ್ಲ.

1951ರ ಜುಲೈ 23ರಂದು ವರ್ಮಾಂಟಿನ ತಮ್ಮ ತೋಟದ ಮನೆಯಲ್ಲಿ ಅವರು ತೀರಿಕೊಂಡರು. 1955ರಲ್ಲಿ ಫ್ರಾನ್ಸಿಸ್ ಅವರ ನೆನಪಿಗಾಗಿ ವಿಚಾರಸಂಕಿರಣ ಆರಂಭಿಸಿದರು. 1958ರಲ್ಲಿ ಅದಕ್ಕೆ ಅತಿಥಿಯಾಗಿ ಹೋದವರು ಸತ್ಯಜಿತ್ ರಾಯ್.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಲೆಕ್ಕದಲ್ಲಿ ಬರೆಯದ ಒಂದು ಬಾಬತ್ತು ಉಳಿದಿದೆ. ಫ್ಲಾಹರ್ಟಿ 1921ರಲ್ಲಿ ಇನುಕ್ಜುವಾಕ್ ಬಿಟ್ಟ ಕೆಲವೇ ತಿಂಗಳಿಗೆ, ಆ ವರ್ಷದ ಕ್ರಿಸ್ಮಸ್ ವೇಳೆಗೆ, ಚಿತ್ರದಲ್ಲಿ ನಾನೂಕನ ಹೆಂಡತಿಯಾಗಿ ನಟಿಸಿದ್ದ ಮ್ಯಾಗಿ ನುಜಾರ್ಲುಕ್ಟುಕ್ ಅವರಿಗೆ ಗಂಡುಮಗು ಹುಟ್ಟಿತು. ಜೋಸೆಫಿ ಎಂದು ಹೆಸರಿಟ್ಟರು. ತಂದೆ ಫ್ಲಾಹರ್ಟಿ. ಅವರು ಆ ಮಗುವನ್ನು ನೋಡಲಿಲ್ಲ, ತನ್ನದೆಂದು ಒಪ್ಪಲೂ ಇಲ್ಲ. ಜೋಸೆಫಿ ಬೇಟೆಗಾರನಾಗಿ ಬೆಳೆದ. ರೆವಿಲೋನ್ ಕಂಪನಿ ಅಲ್ಲಿಂದ ಕಾಲ್ತೆಗೆದಿತ್ತು. ಯುದ್ಧದ ನಂತರ ನರಿ ಚರ್ಮದ ಬೆಲೆ ನೆಲಕಚ್ಚಿತು, ಊರಿಗೆ ಊರೇ ಸರ್ಕಾರದ ಪಡಿತರಕ್ಕೆ ಕೈಯೊಡ್ಡಿತು. 1953ರಲ್ಲಿ ಕೆನಡಾ ಸರ್ಕಾರ ಅಲ್ಲಿನ ಕೆಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಗ್ರೈಸ್ ಫಿಯೋರ್ಡ್ ಮತ್ತು ರೆಸೊಲ್ಯೂಟ್ ಎಂಬ ನಿರ್ಜನ ತಾಣಗಳಿಗೆ ಒಯ್ದು ಬಿಟ್ಟಿತು. ಬೇಟೆ ಸಮೃದ್ಧ, ಇಷ್ಟವಾಗದಿದ್ದರೆ ಎರಡು ವರ್ಷದಲ್ಲಿ ವಾಪಸು ಎಂಬುದು ಭರವಸೆ. ಉತ್ತರ ಧ್ರುವ ಪ್ರದೇಶದ ಮೇಲೆ ದೇಶದ ಹಕ್ಕನ್ನು ಗಟ್ಟಿಮಾಡಿಕೊಳ್ಳುವ ಉದ್ದೇಶವೂ ಇತ್ತೆಂಬುದು ಅಲ್ಲಿಗೆ ಹೋದವರ ಆರೋಪ. 1955ರಲ್ಲಿ ಜೋಸೆಫಿ ಹೆಂಡತಿ ಮಕ್ಕಳೊಡನೆ ಗ್ರೈಸ್ ಫಿಯೋರ್ಡಿಗೆ ಹೋದರು. ಮೂರು ತಿಂಗಳಿಗೂ ಮಿಕ್ಕಿ ಸೂರ್ಯನೇ ಹುಟ್ಟದ ಊರು. ವಾಪಸು ಕರೆತರುವ ಮಾತು ನಡೆಯಲಿಲ್ಲ.

ಸರ್ಕಾರದ ದಾಖಲೆಗಳ ಪ್ರಕಾರ ಆ ಕುಟುಂಬಗಳು ಸ್ವ ಇಚ್ಛೆಯಿಂದ ಹೋದವು. ಈ ಒಂದು ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ. ನನ್ನ ಸೇವಾವಧಿಯಲ್ಲಿ ಜನರನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸುವ ಕಡತಗಳು ನನ್ನ ಮೇಜಿಗೂ ಬಂದಿವೆ. ಒಪ್ಪಿಗೆ ಪತ್ರಗಳ ಕೆಳಗೆ ಸಾಲಾಗಿ ಹೆಬ್ಬೆಟ್ಟಿನ ಗುರುತುಗಳು. ಓದಿ ಹೇಳಿ ಮನವರಿಕೆ ಮಾಡಿಕೊಡಲಾಗಿದೆ ಎಂಬ ಸಾಲಿನ ಕೆಳಗೆ ನನ್ನ ಸಹಿ. ಓದಿ ಹೇಳಿದ್ದು ನಿಜ. ಯಾವ ಭಾಷೆಯಲ್ಲಿ, ಎಷ್ಟು ಹೊತ್ತು, ಬೇಡವೆಂದರೆ ಏನಾಗುತ್ತದೆಂದು ಹೇಳಿ ಎಂಬುದನ್ನು ಬರೆಯಲು ಆ ನಮೂನೆಯಲ್ಲಿ ಅಂಕಣವಿರಲಿಲ್ಲ.

ಜೋಸೆಫಿ 1984ರಲ್ಲಿ ತೀರಿಕೊಂಡರು. ಐದು ವರ್ಷದವಳಿದ್ದಾಗ ಅವರೊಡನೆ ಹೋಗಿದ್ದ ಮಗಳು ಮಾರ್ಥಾ ಫ್ಲಾಹರ್ಟಿ ಮುಂದೆ ಕೆನಡಾದ ಇನುಯಿಟ್ ಮಹಿಳೆಯರ ಸಂಘಟನೆಯ ಅಧ್ಯಕ್ಷೆಯಾದರು. ಮೂಲನಿವಾಸಿಗಳ ಕುರಿತ ರಾಯಲ್ ಆಯೋಗದ ಮುಂದೆ 1993ರಲ್ಲಿ ಆ ವರ್ಷಗಳ ಹಸಿವು, ಕತ್ತಲೆಗಳ ಸಾಕ್ಷ್ಯ ನುಡಿದರು. ಅಜ್ಜ ಕ್ಯಾಮೆರಾದಿಂದ ತೋರಿಸದೆ ಬಿಟ್ಟದ್ದನ್ನು ಮೊಮ್ಮಗಳು ಮಾತಿನಲ್ಲಿ ದಾಖಲಿಸಿದರು. 1996ರಲ್ಲಿ ಸರ್ಕಾರ ಒಂದು ಕೋಟಿ ಡಾಲರಿನ ನಿಧಿ ಕೊಟ್ಟಿತು, ಕ್ಷಮೆ ಕೇಳಲಿಲ್ಲ. ಅದಕ್ಕೆ ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 2010ರ ಆಗಸ್ಟ್ 18ರಂದು ಕೆನಡಾದ ಸಚಿವರು ಸರ್ಕಾರದ ಕ್ಷಮಾಪಣೆಯನ್ನು ಓದಿದರು. ಓದಿದ್ದು ಇನುಕ್ಜುವಾಕ್‌ನಲ್ಲಿ, ತೊಂಬತ್ತು ವರ್ಷಗಳ ಹಿಂದಿನ ಅದೇ ತಿಂಗಳು ಫ್ಲಾಹರ್ಟಿ ಕ್ಯಾಮೆರಾಗಳೊಡನೆ ಬಂದಿಳಿದ ಊರಿನಲ್ಲಿ.